ನಾಲ್ಕು ಅಡಿಯ ಪ್ರಸ್ಥಾನ

ಬಿಂದುಮಾಧವರಾಯರು ಸುಳ್ಳು ಹೇಳುವವರಲ್ಲ. ಈ ಮಾತನ್ನು ಅವರ ಹೆಂಡತಿ ಕಮಲಮ್ಮ ಹೇಳುತ್ತಿದ್ದರು, ಮಗಳು ಲಹರಿ ಹೇಳುತ್ತಿದ್ದಳು, ಸಿದ್ಧಾರ್ಥನಗರದ ಆ ಅಡ್ಡರಸ್ತೆಯ ಹನ್ನೊಂದು ಮನೆಯವರೂ ಹೇಳುತ್ತಿದ್ದರು. ಆ ಸೋಮವಾರವೂ ಅವರು ಸುಳ್ಳು ಹೇಳಲಿಲ್ಲ. ಬಾಯೇ ಬಿಡಲಿಲ್ಲ, ಅಷ್ಟೆ. ಬಾಯಿ ಬಿಡದೆ ಎಷ್ಟು ದೊಡ್ಡ ತಪ್ಪು ಮಾಡಬಹುದು ಎನ್ನುವುದು ಅವರಿಗೆ ಅರವತ್ತೆಂಟನೆಯ ವಯಸ್ಸಿನಲ್ಲಿ ತಿಳಿಯಲಿ ಎಂದು ಭಗವಂತನ ಚಿತ್ತದಲ್ಲಿತ್ತೋ ಏನೋ.

ರಾಯರು ಪಾಲಿಟೆಕ್ನಿಕ್ಕಿನಲ್ಲಿ ಮೂವತ್ತೊಂದು ವರ್ಷ ಮೆಕ್ಯಾನಿಕಲ್ ಹುಡುಗರಿಗೆ ಪಾಠ ಹೇಳಿ ನಿವೃತ್ತರಾದವರು. ಅವರ ಅಜ್ಜ ಅರಮನೆಯಲ್ಲಿ ಪುರಾಣ ಓದುತ್ತಿದ್ದರಂತೆ. ಆ ಕಂಠ ಮೊಮ್ಮಗನಿಗೂ ಇಳಿದು ಬಂದಿತ್ತು. ಹಲಗೆಯ ಮೇಲೆ ಎಂಜಿನ್ನಿನ ಚಿತ್ರ ಬರೆದು ಅವರು ವಿವರಿಸುತ್ತಿದ್ದರೆ ಹುಡುಗರು ಹರಿಕಥೆ ಕೇಳಿದ ಹಾಗೆ ಕೇಳುತ್ತಿದ್ದರು. ಆದರೆ ಎಣ್ಣೆ ಮೆತ್ತಿಕೊಳ್ಳುವ ಕೆಲಸ ವರ್ಕ್‌ಷಾಪಿನವರದು. ರಾಯರ ಬೆರಳಿಗೆ ಹತ್ತುತ್ತಿದ್ದದ್ದು ಸೀಮೆಸುಣ್ಣ ಮಾತ್ರ. ನಿವೃತ್ತಿಯಾದ ಮೇಲೆ ಪಾಠ ಹೇಳುವ ಚಪಲ ಬೀದಿಯ ವಾಟ್ಸಾಪ್ ಗುಂಪಿಗೆ ತಿರುಗಿತ್ತು. ದಿನಾ ಬೆಳಗ್ಗೆ ಆರಕ್ಕೆ ಒಂದು ಸುಭಾಷಿತ, ಕೆಳಗೆ ಅದರ ಅರ್ಥ. ಏಳು ಗಂಟೆಯೊಳಗೆ ಹತ್ತು ಹನ್ನೆರಡು ಕೈಮುಗಿದ ಚಿತ್ರಗಳು ಬಂದು ಬೀಳುತ್ತಿದ್ದವು.

ಮನೆಯಲ್ಲಿದ್ದದ್ದು ಒಂದೇ ಕಾರು, ಲಹರಿಯದು. ಹತ್ತು ವರ್ಷ ಓಡಿದ ಚಿಕ್ಕ ಗಾಡಿ. ಅವಳು ಫಿಸಿಯೋಥೆರಪಿ ಕಲಿತವಳು. ಸೊಂಟ ಹಿಡಿದವರು, ಮಂಡಿ ಸವೆದವರು ಇರುವಲ್ಲಿಗೆ ಮನೆಮನೆಗೆ ಹೋಗಿ ವ್ಯಾಯಾಮ ಮಾಡಿಸಿ ಬರುತ್ತಿದ್ದಳು. ಈಗ ಹಿನಕಲ್‌ನಲ್ಲಿ ಒಂದು ಕೋಣೆ ಹಿಡಿದು ಸ್ವಂತ ಕ್ಲಿನಿಕ್ಕು ಶುರುಮಾಡುವವಳಿದ್ದಳು. ಸೋಮವಾರ ಮೊದಲ ದಿನ. ಅದಕ್ಕೆಂದೇ ಗುರುವಾರ ಕಾರನ್ನು ಕುಂಬಾರಕೊಪ್ಪಲಿನ ಸಿದ್ದೇಶನ ಹತ್ತಿರ ಬಿಟ್ಟು ಆಯಿಲ್ಲು ಬದಲಾಯಿಸಿ, ಬ್ರೇಕು ನೋಡಿಸಿದ್ದಳು.

ಸಿದ್ದೇಶ ರಾಯರ ಹಳೆಯ ವಿದ್ಯಾರ್ಥಿ. ಕೊನೆಯ ಬೆಂಚು. ಪಾಠ ಮುಗಿಯಿತು ಎಂದರೆ ಮೊದಲು ಏಳುತ್ತಿದ್ದವನು. ಈಗ ನಲವತ್ತು ದಾಟಿ, ಸ್ವಂತ ಗ್ಯಾರೇಜು ಇಟ್ಟುಕೊಂಡು, ಆ ಅಡ್ಡರಸ್ತೆಯ ಮುಕ್ಕಾಲು ಪಾಲು ಕಾರುಗಳನ್ನು ಅವನೇ ನೋಡಿಕೊಳ್ಳುತ್ತಿದ್ದ. ಮೊದಲು ಅವನ ಹೆಸರನ್ನು ಬೀದಿಗೆ ಹೇಳಿದವಳು ಲಹರಿಯೇ.

ಗುರುವಾರ ಸಂಜೆ ಕಾರನ್ನು ಮನೆಗೆ ತಂದು ಬಿಟ್ಟಾಗ ಅವನು ರಾಯರಿಗೆ ಒಂದು ಮಾತು ಹೇಳಿದ್ದ.

"ಸಾರ್, ಒಳಗೆ ಕಾರ್ಬನ್ ಕಟ್ಕೊಂಡದೆ. ಏರು ಅತ್ತುವಾಗ ಟಕಟಕ ಅಂತದಲ್ಲ, ಅದೇಯ. ಈಗ್ಲೇ ಅರ್ಜೆಂಟಿಲ್ಲ ಬುಡಿ. ಮೇಡಂಗೆ ಎಂದಾದ್ರೂ ಎರಡು ದಿನ ಬಿಡುವಾದಾಗ ಬಿಚ್ಚಿ ಕ್ಲೀನ್ ಮಾಡ್ಕೊಡ್ತೀನಿ."

ಪೆಟ್ರೋಲು ಉರಿದು ಉರಿದು, ಒಲೆಯ ಮೇಲಿನ ಪಾತ್ರೆಯ ತಳಕ್ಕೆ ಮಸಿ ಹತ್ತುವ ಹಾಗೆ, ಪಿಸ್ಟನ್ನಿನ ತಲೆಯ ಮೇಲೆ ಕರಿ ಕೂರುತ್ತದೆ. ರಾಯರಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಕೊನೆಯ ಬೆಂಚಿನವನು ತನಗೆ ಎಂಜಿನ್ನಿನ ಪಾಠ ಹೇಳಿ ಹೋದನಲ್ಲ ಎಂಬುದು ಮನಸ್ಸಿನ ಯಾವುದೋ ಮೂಲೆಯಲ್ಲಿ ಚುಚ್ಚಿತು. ಮೊಬೈಲಿನಲ್ಲಿ ಹುಡುಕಿದರೆ ಮನೆಯಲ್ಲೇ ಕಾರ್ಬನ್ ತೆಗೆಯುವ ವೀಡಿಯೊಗಳು ಒಂದರ ಹಿಂದೊಂದು ಬಂದವು. ಎಂಜಿನ್ನಿಗೆ ಕಿಡಿ ಕೊಡುವ ಪ್ಲಗ್ಗುಗಳನ್ನು ಬಿಚ್ಚುವುದು, ಆ ತೂತಿನಿಂದ ಕ್ಲೀನರ್ ಹಾಕುವುದು, ರಾತ್ರಿಯೆಲ್ಲ ನೆನೆಯಲು ಬಿಟ್ಟು ಬೆಳಗ್ಗೆ ಸಿರಿಂಜಿನಿಂದ ಹೀರಿ ತೆಗೆಯುವುದು. ಆಮೇಲೆ ಪ್ಲಗ್ಗಿಲ್ಲದೆಯೇ ಎಂಜಿನ್ನನ್ನು ನಾಲ್ಕು ಸುತ್ತು ತಿರುಗಿಸಿ ಉಳಿದದ್ದನ್ನು ಹೊರಕ್ಕೆ ಚಿಮ್ಮಿಸಬೇಕು. ಇಷ್ಟೇ ತಾನೇ, ಎಂದುಕೊಂಡರು ರಾಯರು. ಮಗಳ ಮೊದಲ ದಿನಕ್ಕೆ ಅಪ್ಪನ ಕೈಯಿಂದ ಒಂದು ಕಾಣಿಕೆ.

ಭಾನುವಾರ ಲಹರಿ ಕ್ಲಿನಿಕ್ಕಿನಲ್ಲಿ ಮಂಚ ಕುರ್ಚಿ ಜೋಡಿಸಲು ಗೆಳತಿಯ ಜೊತೆ ಹೋಗಿದ್ದಳು. ರಾಯರು ಪಂಚೆ ಎತ್ತಿ ಕಟ್ಟಿ ಕೆಲಸಕ್ಕೆ ಇಳಿದರು. ಮೂರು ಪ್ಲಗ್ಗು ಬಿಚ್ಚುವಷ್ಟರಲ್ಲಿ ಬೆವರು ಕಿತ್ತುಕೊಂಡಿತು. ಆದರೂ ಎಷ್ಟೋ ವರ್ಷದ ಮೇಲೆ ಹರೆಯ ಬಂದಂತಾಯಿತು. ವೀಡಿಯೊದವನು ಸ್ವಲ್ಪ ಸ್ವಲ್ಪವೇ ಹಾಕಿ ಎಂದಿದ್ದ. ರಾಯರಿಗೆ ಹತ್ತು ವರ್ಷದ ಮಸಿ ಸ್ವಲ್ಪಕ್ಕೆ ಬಗ್ಗೀತೇ ಎನ್ನಿಸಿ, ಅಂಗಡಿಯಿಂದ ತಂದ ಕ್ಲೀನರ್ ಡಬ್ಬಿಯಲ್ಲಿದ್ದಷ್ಟನ್ನೂ ಮೂರಕ್ಕೆ ಹಂಚಿಬಿಟ್ಟರು. ತೆರೆದಿಟ್ಟರೆ ಹಲ್ಲಿಯೋ ಜಿರಳೆಯೋ ಬಿದ್ದೀತೆಂದು ಪ್ಲಗ್ಗುಗಳನ್ನು ಮತ್ತೆ ತಿರುಗಿಸಿ ಕೂರಿಸಿದರು. ಮಗಳು ನೋಡಿದರೆ ಗಾಬರಿಯಾದಾಳೆಂದು ವೈರುಗಳನ್ನೂ ಸಿಕ್ಕಿಸಿ ಬಾನೆಟ್ಟು ಮುಚ್ಚಿದರು. ನಾಲ್ಕಕ್ಕೆ ಎದ್ದರೆ ಎಲ್ಲ ಮುಗಿಸಬಹುದು.

ನಾಲ್ಕಕ್ಕೆ ಏಳಲಾಗಲಿಲ್ಲ. ಬಗ್ಗಿ ಬಗ್ಗಿ ಸೊಂಟ ಹಿಡಿದಿತ್ತು. ಕಣ್ಣು ಬಿಟ್ಟಾಗ ಆರು. ಸುಭಾಷಿತ ಕಳಿಸಿ, ಸ್ನಾನ ಮಾಡಿ, ಸಂಧ್ಯಾವಂದನೆ ಮುಗಿಸಿ ಜಪಕ್ಕೆ ಕೂತರು. ಕಾರಿನದು ಇನ್ನು ಲಹರಿ ತಿಂಡಿಗೆ ಕೂತಾಗ ನೋಡೋಣ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಿದ್ದರು.

"ಏನ್ರೀ, ಏಳೂ ಇಪ್ಪತ್ತಾಯ್ತು!" ಕಮಲಮ್ಮ ದೇವರಮನೆಯ ಬಾಗಿಲಲ್ಲಿ ನಿಂತಿದ್ದರು. "ಇನ್ನು ಹತ್ತು ನಿಮಿಷಕ್ಕೆ ರಾಹುಕಾಲ. ಪ್ರಸ್ಥಾನ ಇಡ್ಬೇಕು ಅಂತ ರಾತ್ರಿಯೇ ಹೇಳಿರ್ಲಿಲ್ವೇ ನಾನು?"

ಹೊರಡುವ ಹೊತ್ತು ಒಳ್ಳೆಯದಲ್ಲದಿದ್ದರೆ, ಒಳ್ಳೆಯ ಹೊತ್ತಿನಲ್ಲೇ ಒಂದು ಗಂಟನ್ನು ಮನೆ ದಾಟಿಸಿ ಇಟ್ಟುಬಿಡುವುದು ಹಿರಿಯರ ಕಾಲದಿಂದ ಬಂದ ಕ್ರಮ. ಗಂಟು ಹೊರಟಿತೆಂದರೆ ಮನುಷ್ಯನೂ ಹೊರಟಂತೆ. ಹಿಂದೆಲ್ಲ ಪಕ್ಕದ ಮನೆಯ ಜಗಲಿಯಲ್ಲಿ ಇಡುತ್ತಿದ್ದರು. ಕಾರು ಬಂದ ಮೇಲೆ ರಾಯರ ಮನೆಯಲ್ಲಿ ಗಂಟನ್ನು ಕಾರಿನೊಳಗಿಟ್ಟು ಕಾರನ್ನೇ ಗೇಟು ದಾಟಿಸಿ ನಿಲ್ಲಿಸುವ ಪದ್ಧತಿಯಾಗಿತ್ತು. ಕಮಲಮ್ಮನ ಕೈಯಲ್ಲಿ ಅರಿಶಿನದ ಬಟ್ಟೆಯಲ್ಲಿ ಕಟ್ಟಿದ ಅಕ್ಕಿಯ ಗಂಟೂ ಲಹರಿಯ ಬ್ಯಾಗೂ ಸಿದ್ಧವಾಗಿದ್ದವು.

"ಲಹರಿಯೇ ಬರ್ಲಿ ಕಣೇ."

"ಅವಳು ಬಚ್ಚಲಲ್ಲಿದಾಳೆ. ತಲೆಗೆ ಹಾಕ್ಕೊಂಡು ಅವಳು ಈಚೆ ಬರೋ ಹೊತ್ತಿಗೆ ರಾಹು ನುಂಗಿ ನೀರು ಕುಡಿದಿರ್ತಾನೆ. ಏಳ್ರೀ, ನಾಲ್ಕು ಅಡಿ ಮುಂದಕ್ಕೆ ತಗೊಂಡ್ರೆ ಸಾಕು."

ರಾಯರು ಎದ್ದರು. ಮರೆತಿದ್ದರು ಎಂದು ಹೇಳಿದರೆ ಕಥೆ ಹಗುರವಾಗುತ್ತಿತ್ತು. ಆದರೆ ಅವರಿಗೆ ಎಲ್ಲ ನೆನಪಿತ್ತು. ಕೀಲಿ ಹಾಕುವಾಗಲೂ ನೆನಪಿತ್ತು. ತಡಿಯೇ, ಒಳಗೆ ಔಷಧಿ ಹಾಕಿದೀನಿ, ಎಂದರೆ ಯಾವ ಔಷಧಿ, ಯಾಕೆ ಹಾಕಿದಿರಿ, ಇವತ್ತೇ ಆಗಬೇಕಿತ್ತೇ ಎಂದು ಹತ್ತು ಪ್ರಶ್ನೆ ಬರುತ್ತಿತ್ತು. ರಾತ್ರಿಯೆಲ್ಲ ಇಳಿದುಹೋಗಿರುತ್ತೆ, ನಾಲ್ಕೇ ಅಡಿ, ಎಂದುಕೊಂಡರು. ಗೇಟಿನ ಮುಂದೆ ಇಳಿಜಾರಿತ್ತು. ಹ್ಯಾಂಡ್‌ಬ್ರೇಕು ಬಿಟ್ಟಿದ್ದರೆ ಕಾರು ತಾನೇ ಉರುಳಿ ರಸ್ತೆಗೆ ಇಳಿಯುತ್ತಿತ್ತು. ಅದು ಆ ಕ್ಷಣಕ್ಕೆ ಹೊಳೆಯಲಿಲ್ಲ. ಹೊರಡುವುದೆಂದರೆ ಎಂಜಿನ್ ಚಾಲೂ ಮಾಡಬೇಕು ಎಂದೇ ಅವರ ಕೈ ತಿಳಿದಿತ್ತು.

ಕೀಲಿ ತಿರುಗಿಸಿದರು. ಎಂಜಿನ್ ಗುರ್ ಎಂದು ಒಂದು ಸಲ ಹತ್ತಿಕೊಂಡಿತು. ಮರುಕ್ಷಣ ಒಳಗೆ ಯಾರೋ ಹಾರೆಯಿಂದ ಬಡಿದ ಹಾಗೆ ಧಡ್ ಎಂದು ನಿಂತಿತು.

ನೀರಾಗಲಿ ಎಣ್ಣೆಯಾಗಲಿ, ದ್ರವವನ್ನು ಒತ್ತಿ ಕುಗ್ಗಿಸಲಾಗದು. ಮೂವತ್ತೊಂದು ವರ್ಷ, ವರ್ಷದ ಮೊದಲ ಪಾಠದಲ್ಲೇ ರಾಯರು ಹೇಳಿಕೊಟ್ಟ ಮಾತು. ಪಿಸ್ಟನ್ನು ಮೇಲೆ ಬಂದಿತ್ತು. ಮೇಲೆ ದ್ರವ ತುಂಬಿತ್ತು. ಅದು ಬಗ್ಗಲಿಲ್ಲ, ಆದ್ದರಿಂದ ಕಬ್ಬಿಣ ಬಗ್ಗಿತು. ಸ್ಟೇರಿಂಗು ಹಿಡಿದು ಕೂತ ಅವರ ಕಣ್ಣೆದುರು ಹಲಗೆಯ ಮೇಲಿನ ಚಿತ್ರವೇ ಬಂದು ನಿಂತಿತು.

"ಏನಾಯ್ತ್ರೀ?" ಎಂದರು ಕಮಲಮ್ಮ.

"ನಿಂತುಹೋಯ್ತು ಕಣೇ," ಎಂದರು ರಾಯರು. ಅದು ನಿಜವೇ ಆಗಿತ್ತು.

ಲಹರಿ ಒದ್ದೆ ತಲೆಗೆ ಟವೆಲು ಸುತ್ತಿಕೊಂಡೇ ಓಡಿ ಬಂದಳು. ತಾನೂ ಕೀಲಿ ತಿರುಗಿಸಿ ನೋಡಿದಳು. ಟಕ್ ಎಂಬ ಸದ್ದು ಬಿಟ್ಟರೆ ಏನಿಲ್ಲ.

"ಗುರುವಾರ ತಾನೇ ಸರ್ವಿಸ್ ಮಾಡ್ಸಿದ್ದು! ಇವತ್ತೇ ಹೀಗಾಗ್ಬೇಕಾ? ಆ ಸಿದ್ದೇಶ ಏನೋ ಮಾಡಿಟ್ಟಿದಾನೆ ಅಪ್ಪ."

ಅಪ್ಪ ಮಾತಾಡಲಿಲ್ಲ. ಮೊದಲನೆಯ ಸಲ ಮಾತಾಡದಿರುವುದು ಅಷ್ಟೇನೂ ಕಷ್ಟವಾಗಲಿಲ್ಲ. ಇನ್ನೊಂದು ನಿಮಿಷ ಬಿಟ್ಟು ಹೇಳೋಣ ಎನ್ನಿಸಿತು. ಆ ನಿಮಿಷದಲ್ಲಿ ಅವಳು ಫೋನು ಮಾಡಿಯಾಗಿತ್ತು.

ಸಿದ್ದೇಶ ಸ್ಕೂಟರಿನಲ್ಲಿ ಇಪ್ಪತ್ತು ನಿಮಿಷಕ್ಕೆ ಬಂದ. ಹಣೆಯಲ್ಲಿ ಆಗತಾನೇ ಇಟ್ಟ ವಿಭೂತಿ, ಕೈಯಲ್ಲಿ ಸ್ಪ್ಯಾನರಿನ ಚೀಲ. ಗೇಟಿನಲ್ಲೇ ಲಹರಿ ಶುರುಮಾಡಿದಳು.

"ಏನು ಮಾಡಿದೆ ನೀನು ನನ್ನ ಕಾರಿಗೆ? ಎಂಟೂವರೆಗೆ ಪೇಷೆಂಟ್ ಬರ್ತಾರೆ ಅಂತ ಗುರುವಾರವೇ ಹೇಳಿದ್ದೆ ತಾನೆ?"

ರಾಯರಿಗೆ ಆ 'ನೀನು' ಕೇಳಿಸಿತು. ಅದುವರೆಗೆ ಅವಳು ಸಿದ್ದೇಶನನ್ನು ಬಹುವಚನದಲ್ಲೇ ಕರೆಯುತ್ತಿದ್ದಳು.

"ನೋಡ್ತೀನಿ ಇರಿ ಮೇಡಂ," ಎಂದು ಸಿದ್ದೇಶ ಬಾನೆಟ್ಟು ಎತ್ತಿದ. ಒಂದು ಪ್ಲಗ್ಗು ಬಿಚ್ಚಿ ಮೂಗಿನ ಹತ್ತಿರ ಹಿಡಿದ. ಮೊಬೈಲಿನ ಬೆಳಕು ಬಿಟ್ಟು ತೂತಿನೊಳಗೆ ಇಣುಕಿದ. ಮೆಲ್ಲಗೆ ಸೊಂಟ ನೇರ ಮಾಡಿಕೊಂಡು ರಾಯರ ಕಡೆ ತಿರುಗಿದ.

"ಸಾರ್, ನೀವೇನಾದ್ರೂ ಇದರೊಳಕ್ಕೆ..."

"ಅಪ್ಪನ ಮೇಲೆ ಹಾಕ್ಬೇಡ!" ಲಹರಿಯ ದನಿ ಬೀದಿಗೆ ಕೇಳುವಷ್ಟು ಏರಿತು. "ಅವರು ಮೂವತ್ತು ವರ್ಷ ಎಂಜಿನ್ ಪಾಠ ಮಾಡಿದೋರು. ನಿನಗೂ ಅವರೇ ಕಲಿಸಿದ್ದು. ತಪ್ಪು ಮಾಡಿದೀನಿ ಅಂತ ಒಪ್ಕೊಳ್ಳೋಕೆ ನಾಚಿಕೆ ಯಾಕೆ?"

ಸಿದ್ದೇಶ ಅವಳನ್ನು ನೋಡಲಿಲ್ಲ. ರಾಯರನ್ನೇ ನೋಡುತ್ತ ನಿಂತ. ಕೊನೆಯ ಬೆಂಚಿನಿಂದ, ಉತ್ತರ ಗೊತ್ತಿದ್ದೂ ಮೇಷ್ಟ್ರು ಹೇಳಲಿ ಎಂದು ಕಾಯುವವನ ಹಾಗೆ. ರಾಯರು ತುಳಸಿಕಟ್ಟೆಯ ಕಡೆ ಕಣ್ಣು ತಿರುಗಿಸಿದರು. ಅಲ್ಲಿ ಹೊಸದಾಗಿ ನೋಡುವಂಥದ್ದೇನೂ ಇರಲಿಲ್ಲ.

"ಗಾಡಿ ಗ್ಯಾರೇಜಿಗೆ ತಗೊಂಡೋಯ್ತೀನಿ ಮೇಡಂ," ಎಂದಷ್ಟೇ ಹೇಳಿ ಸಿದ್ದೇಶ ಪ್ಲಗ್ಗನ್ನು ಒರೆಸಿ ಜೇಬಿಗೆ ಹಾಕಿಕೊಂಡ.

ಲಹರಿ ಆಟೋ ಹಿಡಿದು ಹೋದಳು. ಹೋಗುತ್ತ ದಾರಿಯಲ್ಲೇ ಬೀದಿಯ ಗುಂಪಿಗೆ ಬರೆದಳು: ಸಿದ್ದೇಶನ ಹತ್ತಿರ ಗಾಡಿ ಬಿಡುವವರು ಎಚ್ಚರ, ಸರ್ವಿಸ್ ಮಾಡಿಸಿದ ನಾಲ್ಕೇ ದಿನಕ್ಕೆ ನನ್ನ ಎಂಜಿನ್ ಹೋಯಿತು, ಅವನ ಹೆಸರು ನಾನೇ ಹೇಳಿದ್ದೆ, ಕ್ಷಮಿಸಿ. ಅಲ್ಲಿಂದ ಶುರುವಾಯಿತು. ಒಬ್ಬರಿಗೆ ಅವನು ಮುಟ್ಟಿದ ಮೇಲೆ ಕ್ಲಚ್ಚು ಸರಿಯಿಲ್ಲವೆನ್ನಿಸಿತು. ಇನ್ನೊಬ್ಬರಿಗೆ ಏನೋ ವಾಸನೆ ಬರುತ್ತಿದ್ದದ್ದು ಈಗ ನೆನಪಾಯಿತು. ಮೂರನೆಯ ಮನೆಯ ಮಹದೇವಪ್ರಸಾದ್, ಬ್ಯಾಂಕಿನಲ್ಲಿದ್ದವರು, ಅಂಥವನನ್ನು ಬೀದಿಯೊಳಗೇ ಬಿಟ್ಟುಕೊಳ್ಳಬಾರದು ಎಂದು ಬರೆದು ಕೆಳಗೆ ಸೇರಿಸಿದ್ದರು: "ರಾಯರೇ, ತಾವು ಈ ವಿಷಯದಲ್ಲಿ ಗುರುಗಳು. ತಮ್ಮ ಅಭಿಪ್ರಾಯ?"

ರಾಯರು ಬರೆದರು, ಅಳಿಸಿದರು. ಮತ್ತೆ ಬರೆದರು, ಅಳಿಸಿದರು. ಕೊನೆಗೆ "ಪರಿಶೀಲಿಸಬೇಕು" ಎಂದು ಒಂದೇ ಪದ ಕಳಿಸಿದರು. ಅದಕ್ಕೂ ನಾಲ್ಕು ಜನ ಕೈಮುಗಿದರು.

ಮಧ್ಯಾಹ್ನ ದೇವರ ಮುಂದೆ ಕೂತರೆ ದೀಪವನ್ನು ನೇರವಾಗಿ ನೋಡಲಾಗಲಿಲ್ಲ. ನಾಲ್ಕು ಗಂಟೆಗೆ, ಸ್ವಲ್ಪ ಅಡ್ಡಾಡಿ ಬರ್ತೀನಿ ಕಣೇ, ಎಂದು ಹೇಳಿ ಬಸ್ಸು ಹತ್ತಿ ಕುಂಬಾರಕೊಪ್ಪಲಿಗೆ ಹೋದರು.

ಗ್ಯಾರೇಜಿನಲ್ಲಿ ಎಂಜಿನ್ನಿನ ಮೇಲ್ಭಾಗ ಬಿಚ್ಚಿತ್ತು. ಸಿದ್ದೇಶ ಕೈ ಒರೆಸಿಕೊಳ್ಳುತ್ತ ಸ್ಟೂಲು ಎಳೆದು ಹಾಕಿದ. ರಾಯರು ಕೂರಲಿಲ್ಲ.

"ಸಿದ್ದೇಶ, ನಿನ್ನ ಹತ್ರ ಒಂದು ಮಾತು ಹೇಳ್ಬೇಕು ಕಣಯ್ಯ."

"ಮೊದ್ಲು ಇಲ್ಲಿ ನೋಡಿ ಸಾರ್." ಅವನು ಬೆಳಕು ಹಿಡಿದ. ಎರಡು ಪಿಸ್ಟನ್ನಿನ ತಲೆ ತೊಳೆದ ಬೆಳ್ಳಿ ಲೋಟದಂತೆ ಹೊಳೆಯುತ್ತಿತ್ತು. ಮೂರನೆಯದರಲ್ಲಿ ಮಸಿ ಅರ್ಧ ಬಿಟ್ಟಿತ್ತು. "ಕ್ಲೀನೇನೋ ಚೆನ್ನಾಗೇ ಮಾಡಿದೀರ. ನಾನು ಮಾಡಿದ್ರೂ ಇಷ್ಟು ನೈಸಾಗಿ ಬತ್ತಿರ್ಲಿಲ್ಲ."

ರಾಯರ ಮುಖಕ್ಕೆ ಬಿಸಿನೀರು ಎರಚಿದಂತಾಯಿತು. ಸಿದ್ದೇಶ ಎಂಜಿನ್ನನ್ನು ಕೈಯಲ್ಲೇ ತಿರುಗಿಸಿದ. ಒಂದೊಂದು ಪಿಸ್ಟನ್ನೂ ಮೇಲೆ ಬಂದು ಅಂಚಿಗೆ ಸರಿಯಾಗಿ ನಿಂತಿತು. ನಡುವಿನದು ಮಾತ್ರ ಕೂದಲೆಳೆಯಷ್ಟು ಕೆಳಗೇ ಉಳಿಯಿತು.

"ಪಿಸ್ಟನ್ ಕೆಳಗಿನ ಕನೆಕ್ಟಿಂಗ್ ರಾಡ್ ಬೆಂಡಾಗ್ಬುಟ್ಟದೆ ಸಾರ್. ಯಾಕಾಯ್ತು ಅಂತ ನಾನು ನಿಮಗೆ ಹೇಳ್ಬೇಕಾ?"

"ನಾನೇ ಮಾಡಿದ್ದು ಸಿದ್ದೇಶ. ನನ್ನದೇ ತಪ್ಪು. ಬೆಳಗ್ಗೆ ನಿನ್ನ ಮುಖ ನೋಡೋಕಾಗ್ಲಿಲ್ಲ. ದಯವಿಟ್ಟು ಮನಸ್ಸಿಗೆ ಹಚ್ಕೋಬೇಡ," ಎಂದರು. ಬಸ್ಸಿನಲ್ಲಿ ಬರುವಾಗ ಈ ಮಾತನ್ನು ಹತ್ತು ಸಲ ಹೊಂದಿಸಿಕೊಂಡಿದ್ದರು. ಹೇಳಿ ಮುಗಿದ ಮೇಲೆ ಎದೆಯ ಮೇಲಿನ ಭಾರ ಇಳಿದಂತೆಯೂ ಆಯಿತು.

ಸಿದ್ದೇಶ ಬೆಳಕು ಆರಿಸಿದ.

"ಇದನ್ನ ನನಗ್ಯಾಕೆ ಹೇಳ್ತೀರ ಸಾರ್? ನನಗೆ ಪ್ಲಗ್ ಬಿಚ್ಚಿದಾಗ್ಲೇ ಗೊತ್ತಾಯ್ತು. ಗೊತ್ತಿಲ್ದೇ ಇರೋರಿಗೆ ಹೇಳಿ." ಅವನ ದನಿ ಏರಲಿಲ್ಲ. "ಮಧ್ಯಾನದಿಂದ ನಿಮ್ಮ ಬೀದಿಯೋರು ಮೂರು ಜನ ಫೋನ್ ಮಾಡಿದ್ರು. ಬರೋ ವಾರ ಬುಡ್ಬೇಕಿದ್ದ ಗಾಡಿ ಬುಡಲ್ವಂತೆ. ಒಬ್ರಂತೂ, ಕಲಿಸಿದ ಮೇಷ್ಟ್ರಿಗೇ ಹಿಂಗೆ ಮಾಡಿದ್ಯಲ್ಲೋ ಅಂದ್ರು. ನಾನು ಎಂಗೆ ಹೇಳ್ಲಿ ಸಾರ್? ಮೇಷ್ಟ್ರು ಮಾಡಿದ್ದು ಅಂದ್ರೆ ಯಾರು ನಂಬ್ತಾರೆ?"

"ನೀನು ನನ್ನನ್ನ ಕ್ಷಮಿಸಿದೀನಿ ಅಂತ ಒಂದು ಮಾತು..."

"ಅದನ್ನ ಈಗ ಕೇಳ್ಬೇಡಿ. ಕಾಫಿ ಕುಡೀತೀರಾ?"

ರಾಯರು ಬೇಡವೆಂದರು. ದೇವರ ಹತ್ತಿರ ಗುಟ್ಟಾಗಿ ತಪ್ಪೊಪ್ಪಿಕೊಂಡು ಪ್ರಸಾದ ಪಡೆದು ಬರುವಂತೆ ಬಂದಿದ್ದರು. ಪ್ರಸಾದ ಸಿಗಲಿಲ್ಲ. ಸಿಗಬೇಕಾಗಿಯೂ ಇರಲಿಲ್ಲವೆಂದು ತಿರುಗಿ ಬರುವ ಬಸ್ಸಿನಲ್ಲಿ ಅವರಿಗೇ ತೋರಿತು.

ಲಹರಿ ಆಗಲೇ ಮನೆಗೆ ಬಂದಿದ್ದಳು. ಮೊದಲ ದಿನ ಐದು ಜನ ಬಂದಿದ್ದರು ಎಂದು ತಾಯಿಗೆ ಹೇಳುತ್ತ ನಗುತ್ತಿದ್ದಳು. ರಾಯರು ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದರು. ಡಬ್ಬಿ, ಪ್ಲಗ್ಗು, ವೈರು, ಕೀಲಿ. ನೆನಪಿದ್ದೂ ತಿರುಗಿಸಿದ್ದು.

ಕಮಲಮ್ಮ, "ಒಂದು ಮಾತು ಅಂದಿದ್ರೆ ಗಂಟನ್ನ ಪಕ್ಕದ ಮನೇಲಿ ಇಟ್ಟು ಬರ್ತಿದ್ನಲ್ರೀ," ಎಂದು ಸೆರಗನ್ನು ಬಾಯಿಗಿಟ್ಟುಕೊಂಡರು.

ಲಹರಿ ಕಾರಿನ ಬಗ್ಗೆ ಕೇಳುತ್ತಾಳೆ, ರೇಗುತ್ತಾಳೆ ಎಂದು ರಾಯರು ಕಾದರು.

"ನಾನು ಅವರನ್ನ ನೀನು ಅಂದ್ಬಿಟ್ಟೆ ಅಪ್ಪ," ಎಂದಳು. "ನಮ್ಮನೆ ಬಾಗಿಲಲ್ಲಿ ನಿಲ್ಲಿಸ್ಕೊಂಡು, ತಪ್ಪು ಒಪ್ಕೊಳ್ಳೋಕೆ ನಾಚಿಕೆ ಯಾಕೆ ಅಂದೆ. ನೀವು ಅಲ್ಲೇ ನಿಂತಿದ್ರಿ. ನನ್ನ ಕೈಲಿ ಅನ್ನಿಸಿದ್ರಿ."

ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗಿನಿಂದ ಫೋನಿನ ಮಾತು ಕೇಳಿಸುತ್ತಿತ್ತು. ಪೂರ್ತಿ ತಿಳಿಯುತ್ತಿರಲಿಲ್ಲ. ಆದರೆ ನೀವು, ನಿಮಗೆ, ನಿಮ್ಮ ಹತ್ತಿರ ಎಂಬ ಮಾತುಗಳು ಮಾತ್ರ ಒಂದೊಂದಾಗಿ ಬಾಗಿಲು ದಾಟಿ ಬರುತ್ತಿದ್ದವು. ರಾಯರು ನಡುಮನೆಯಲ್ಲಿ ನಿಂತು ಕೇಳಿದರು. ಯಾವ ಬೈಗುಳವೂ ಅಷ್ಟು ನೋಯಿಸುತ್ತಿರಲಿಲ್ಲ.

ಅವಳು ಗುಂಪಿಗೂ ಬರೆಯುವೆನೆಂದಾಗ ರಾಯರು, ಬೇಡಮ್ಮ, ಅದು ನನ್ನ ಕೆಲಸ, ಎಂದರು.

ಮಂಗಳವಾರ ಬೆಳಗ್ಗೆ ಆರಕ್ಕೆ ಸುಭಾಷಿತದ ಬದಲು ತಮ್ಮ ತಪ್ಪನ್ನೇ ಬರೆದು ಕಳಿಸಿದರು. ಉದ್ದವಾಗಿತ್ತು, ಏನನ್ನೂ ಬಿಟ್ಟಿರಲಿಲ್ಲ. ಕಳಿಸಿ, ಫೋನನ್ನೇ ನೋಡುತ್ತ ಕೂತರು. ಆರೂ ಹತ್ತಕ್ಕೆ ಮೊದಲ ಕೈಮುಗಿದ ಚಿತ್ರ. ಆಮೇಲೆ ಇನ್ನೊಂದು. "ಶುಭೋದಯ ಗುರುಗಳೇ." "ಅರ್ಥಪೂರ್ಣ ಸಾಲುಗಳು ಸಾರ್." ಮಹದೇವಪ್ರಸಾದರದು ಎರಡು ಕೈಮುಗಿದ ಚಿತ್ರ, ಒಂದು ಕಮಲದ ಹೂವು. ಯಾರೂ ಓದಿರಲಿಲ್ಲ. ಇಷ್ಟು ವರ್ಷ ಬಹುಶಃ ಯಾರೂ ಓದಿರಲಿಲ್ಲ.

ರಾಯರು ಫೋನು ಕೆಳಗಿಟ್ಟು, ಅಂಗಿ ತೊಟ್ಟುಕೊಂಡು ಬೀದಿಗೆ ಇಳಿದರು.

ಮೂರನೆಯ ಮನೆಯ ಗೇಟು ತೆರೆದಾಗ ಮಹದೇವಪ್ರಸಾದರು ಗಿಡಗಳಿಗೆ ನೀರು ಹಾಕುತ್ತಿದ್ದರು. ಅವರ ಮಗಳು ಸಮನ್ವಿತಾ, ಡಿಗ್ರಿ ಓದುವ ಹುಡುಗಿ, ರಂಗೋಲಿ ಬಿಡುತ್ತಿದ್ದಳು.

"ಬನ್ನಿ ಬನ್ನಿ ರಾಯರೇ! ಏನಪರೂಪ! ಒಳಗೆ ಬನ್ನಿ, ಕಾಫಿ ಆಗಿದೆ."

"ನಿಂತೇ ಹೇಳ್ತೀನಿ," ಎಂದರು ರಾಯರು. ಹೇಳಿದರು.

ಮಹದೇವಪ್ರಸಾದರು ಪೈಪು ಹಿಡಿದೇ ಕೇಳಿದರು. ನೀರು ಒಂದೇ ಗಿಡಕ್ಕೆ ಹರಿದು ಕುಂಡ ತುಂಬಿತು.

"ಅಯ್ಯೋ ಬಿಡಿ ರಾಯರೇ, ಯಾರಿಗಾದ್ರೂ ಆಗೋದೇ. ಮೆಕ್ಯಾನಿಕ್ ಅಂದ್ಮೇಲೆ ನಾಲ್ಕು ಮಾತು ಕೇಳ್ಬೇಕಾಗುತ್ತೆ, ಅವರಿಗೆ ಅಭ್ಯಾಸ ಇರುತ್ತೆ. ನೀವು ಇಷ್ಟು ದೊಡ್ಡೋರು, ಮನೆಬಾಗ್ಲಿಗೆ ಬಂದು..."

"ಇಲ್ಲ ಕಣ್ರೀ, ಬಿಡೋ ಮಾತಲ್ಲ. ಬೀದಿಯೊಳಗೆ ಬಿಟ್ಕೋಬಾರದು ಅಂತ ನೀವು ಬರೆದದ್ದು ನಾನು ಬಾಯಿ ಮುಚ್ಕೊಂಡಿದ್ದಕ್ಕೆ. ಅದನ್ನ ಅಳಿಸ್ಬೇಕು. ಗಾಡಿ ಬಿಡಲ್ಲ ಅಂತ ಸಿದ್ದೇಶನಿಗೆ ಫೋನ್ ಮಾಡಿದ್ರೆ, ಮತ್ತೆ ಮಾಡಿ ಬಿಡ್ತೀನಿ ಅಂತ ಹೇಳ್ಬೇಕು. ಇದು ನನ್ನ ಪ್ರಾರ್ಥನೆ."

ಮಹದೇವಪ್ರಸಾದರು ಮುಖ ಕೆಂಪಗೆ ಮಾಡಿಕೊಂಡು ಫೋನು ತರಲು ಒಳಗೆ ಹೋದರು. ಫೋನು ಮಾಡಿದ ಮೂವರಲ್ಲಿ ಅವರೂ ಒಬ್ಬರೆಂದು ಆಗ ತಿಳಿಯಿತು.

ಸಮನ್ವಿತಾ ರಂಗೋಲಿ ಬಟ್ಟಲು ಹಿಡಿದು ಎದ್ದು ನಿಂತಿದ್ದಳು.

"ಅಂಕಲ್, ನಿನ್ನೆ ಬೆಳಗ್ಗೆ ಲಹರಿ ಅಕ್ಕ ಕೂಗಾಡ್ತಿದ್ದಾಗ ನಾನು ಇಲ್ಲೇ ಇದ್ದೆ. ಆಗ್ಲೇ ಯಾಕೆ ಹೇಳ್ಲಿಲ್ಲ ನೀವು?"

ಹಾಗೆ ಕೇಳಿದವಳು ಅವಳೊಬ್ಬಳೇ.

"ನಾಚಿಕೆ ಆಯ್ತಮ್ಮ."

"ಈಗ?"

"ಈಗ್ಲೂ ಆಗ್ತಿದೆ," ಎಂದರು ರಾಯರು. ಅರ್ಧ ಬಿಟ್ಟ ರಂಗೋಲಿಯನ್ನು ತುಳಿಯದಂತೆ ಬದಿಗೆ ಸರಿದು, ಗೇಟು ಹಾಕಿಕೊಂಡು ನಾಲ್ಕನೆಯ ಮನೆಯ ಕರೆಗಂಟೆ ಒತ್ತಿದರು.